ಮೀಥೇನ್ ಇಳಿದಾಗ ನಿಕ್ಕಲ್ ಮೇಲೆ ತಪ್ಪು ಹೊರಿಸುವ ಮುನ್ನ

ನಿನ್ನೆಯವರೆಗೆ ಶೇ. 80ರಷ್ಟು ಇಂಗಾಲದ ಡೈಆಕ್ಸೈಡನ್ನು ಮೀಥೇನ್ ಮಾಡುತ್ತಿದ್ದ ರಿಯಾಕ್ಟರ್ ಇಂದು ಶೇ. 60 ತೋರಿಸಿತು ಎಂದರೆ ಪ್ರಯೋಗಾಲಯದಲ್ಲಿ ಹೊರಬೀಳುವ ಮೊದಲ ತೀರ್ಪು ‘ಕ್ಯಾಟಲಿಸ್ಟ್ ಸತ್ತಿತು’ ಎಂಬುದೇ; ಕ್ಯಾಟಲಿಸ್ಟ್ ಎಂದರೆ ಕ್ರಿಯೆಯನ್ನು ಚುರುಕಾಗಿಸುವ ವೇಗವರ್ಧಕ, ಇಲ್ಲಿ ನಿಕ್ಕಲ್ ಪುಡಿ. ಕೊಳವೆ ಬಿಚ್ಚಿ, ಪುಡಿ ಸುರಿದು, ಹೊಸದನ್ನು ತುಂಬಿ, ರಾತ್ರಿಯಿಡೀ ಹೈಡ್ರೋಜನ್ ಹರಿಸಿ ಅಪಕರ್ಷಣ ಮಾಡಿ (ಆಕ್ಸೈಡನ್ನು ಲೋಹವಾಗಿಸಿ) ಬೆಳಿಗ್ಗೆ ನೋಡಿದರೆ ಮತ್ತೆ ಅದೇ ಶೇ. 60. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಕೆಲಸದಲ್ಲಿ ಮಾತ್ರ ನೆಲವೇ ಡೊಂಕಾಗಿರುವ ಸಂದರ್ಭಗಳು ಹೆಚ್ಚು. ಅನಿಲದ ಹರಿವು, ಉಷ್ಣಾಂಶ ಅಳೆಯುವ ಥರ್ಮೊಕಪಲ್‌ನ ತುದಿ, ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೊಗ್ರಾಫ್, ಕೊನೆಗೆ ನಮ್ಮದೇ ಲೆಕ್ಕದ ಹಾಳೆ, ಇವೆಲ್ಲ ಸರಿಯಾಗಿವೆ ಎಂದು ಖಾತ್ರಿಯಾದ ಮೇಲೆಯೇ ವೇಗವರ್ಧಕವನ್ನು ಅನುಮಾನಿಸಬೇಕು.

ಇಲ್ಲಿ ಹೇಳುವುದೆಲ್ಲ ಅಲ್ಯುಮಿನಾ ಮೇಲೆ ಕೂರಿಸಿದ ನಿಕ್ಕಲ್‌ಗೆ ಸಂಬಂಧಿಸಿದ್ದು. ಬೆರಳು ಗಾತ್ರದ ಕ್ವಾರ್ಟ್ಜ್ ಅಥವಾ ಸ್ಟೀಲ್ ಕೊಳವೆ, 250ರಿಂದ 450 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ, ವಾತಾವರಣದ ಒತ್ತಡ ಅಥವಾ ಅದಕ್ಕಿಂತ ತುಸು ಹೆಚ್ಚು. ಕ್ರಿಯೆ ಹಳೆಯದು. ಫ್ರಾನ್ಸಿನ ಟುಲೂಸ್ ನಗರದಲ್ಲಿ ಪಾಲ್ ಸಬಾಟಿಯೇ ಮತ್ತು ಜ್ಯಾನ್-ಬಾಪ್ಟಿಸ್ಟ್ ಸೆಂಡರೆನ್ಸ್ 1902ರಲ್ಲಿ ಇದನ್ನು ನಿಕ್ಕಲ್ ಮೇಲೆ ಮಾಡಿ ತೋರಿಸಿದರು. ಒಂದು ಅಣು ಇಂಗಾಲದ ಡೈಆಕ್ಸೈಡ್, ನಾಲ್ಕು ಅಣು ಹೈಡ್ರೋಜನ್ ಸೇರಿ ಒಂದು ಮೀಥೇನ್, ಎರಡು ನೀರು. ಪ್ರತಿ ಮೋಲ್‌ಗೆ ಸುಮಾರು 165 ಕಿಲೋಜೂಲ್ ಶಾಖ ಬಿಡುಗಡೆಯಾಗುತ್ತದೆ. ಇದೇ ಹಾಸಿನಲ್ಲಿ (ಕೊಳವೆಯಲ್ಲಿ ತುಂಬಿದ ವೇಗವರ್ಧಕದ ಪದರದಲ್ಲಿ) ಇಂಗಾಲದ ಮಾನಾಕ್ಸೈಡ್ ಹುಟ್ಟುವ ಇನ್ನೊಂದು ದಾರಿಯೂ ಇದೆ. ಅದು ಪ್ರತಿ ಮೋಲ್‌ಗೆ ಸುಮಾರು 41 ಕಿಲೋಜೂಲ್ ಶಾಖವನ್ನು ಹೀರುವಂಥದ್ದು, ಹಾಗಾಗಿ ಬಿಸಿ ಏರಿದಷ್ಟೂ ಅದಕ್ಕೆ ಅನುಕೂಲ. ದೋಷದ ಹೆಚ್ಚಿನ ಸುಳಿವುಗಳು ಈ ಅಂಕಿಗಳಲ್ಲೇ ಇವೆ.

ಕುಗ್ಗುವ ಅನಿಲದ ಲೆಕ್ಕ

ಐದು ಅಣು ಒಳಗೆ ಹೋಗಿ ಮೂರು ಹೊರಗೆ ಬರುತ್ತವೆ. ನೀರನ್ನು ತಣಿಸಿ ತೆಗೆದರೆ ಉಳಿಯುವುದು ಒಂದೇ. ಇದನ್ನು ಮರೆತವರ ಲೆಕ್ಕ ಎಲ್ಲಿಗೆ ಹೋಗಿ ನಿಲ್ಲುತ್ತದೆ ನೋಡಿ. ನಿಮಿಷಕ್ಕೆ 20 ಮಿಲಿಲೀಟರ್ ಇಂಗಾಲದ ಡೈಆಕ್ಸೈಡ್, 80 ಮಿಲಿಲೀಟರ್ ಹೈಡ್ರೋಜನ್ ಕೊಟ್ಟಿದ್ದೀರಿ ಎಂದುಕೊಳ್ಳಿ. ಪರಿವರ್ತನೆ ನಿಜಕ್ಕೂ ಶೇ. 80 ಆಗಿದ್ದರೆ ಹೊರಗೆ 4 ಮಿಲಿಲೀಟರ್ ಇಂಗಾಲದ ಡೈಆಕ್ಸೈಡ್, 16 ಹೈಡ್ರೋಜನ್, 16 ಮೀಥೇನ್ ಬರುತ್ತವೆ; ಒಣ ಅನಿಲ ಒಟ್ಟು 36. ಕ್ರೊಮ್ಯಾಟೊಗ್ರಾಫ್ ಇಂಗಾಲದ ಡೈಆಕ್ಸೈಡನ್ನು 36ರಲ್ಲಿ 4, ಅಂದರೆ ಶೇ. 11.1 ಎಂದು ತೋರಿಸುತ್ತದೆ. ಒಳಗೆ ಶೇ. 20, ಹೊರಗೆ ಶೇ. 11.1 ಎಂದು ನೇರವಾಗಿ ಕಳೆದರೆ ಪರಿವರ್ತನೆ ಶೇ. 44.5 ಎಂದು ಬರುತ್ತದೆ. ಚೆನ್ನಾಗಿ ದುಡಿಯುತ್ತಿರುವ ವೇಗವರ್ಧಕಕ್ಕೆ ಅರ್ಧ ಅಂಕ!

ಪರಿಹಾರ ಸುಲಭ. ಕ್ರಿಯೆಯಲ್ಲಿ ಭಾಗವಹಿಸದ ನೈಟ್ರೋಜನ್ ಅನ್ನು ಗೊತ್ತಿರುವ ಪ್ರಮಾಣದಲ್ಲಿ ಬೆರೆಸಿ, ಇಂಗಾಲದ ಡೈಆಕ್ಸೈಡ್ ಮತ್ತು ನೈಟ್ರೋಜನ್‌ಗಳ ಅನುಪಾತವನ್ನು ಒಳಗೂ ಹೊರಗೂ ಹೋಲಿಸಿ. 16 ಮತ್ತು 20 ಎಂದು ಕೊಟ್ಟರೆ ಒಳಗಿನ ಅನುಪಾತ 0.8; ಹೊರಗೆ ಅದು 0.16 ಆಗಿದ್ದರೆ ಪರಿವರ್ತನೆ ಶೇ. 80. ಒಟ್ಟು ಹರಿವು ಎಷ್ಟು ಕುಗ್ಗಿತು ಎಂಬ ತಲೆನೋವೇ ಇಲ್ಲ. ಆದರೆ ಇದಕ್ಕೂ ಒಂದು ಹಳ್ಳವಿದೆ. ಮಾದರಿ ತೆಗೆಯುವ ಜಾಗದಲ್ಲಿ ಹೊರಗಿನ ಗಾಳಿ ಸೇರಿಕೊಂಡರೆ ನೈಟ್ರೋಜನ್ ಏರುತ್ತದೆ, ಪರಿವರ್ತನೆ ಸುಮ್ಮಸುಮ್ಮನೆ ಹೆಚ್ಚಾಗಿ ಕಾಣುತ್ತದೆ. ಕ್ರೊಮ್ಯಾಟೊಗ್ರಾಫ್ ಬಿಡಿಸುವ ನಕ್ಷೆ, ಅಂದರೆ ಕ್ರೊಮ್ಯಾಟೊಗ್ರಾಮ್‌ನಲ್ಲಿ ಆಮ್ಲಜನಕದ ಶಿಖರ ತಲೆ ಎತ್ತಿದ್ದರೆ ಆ ದಿನದ ಅಂಕಿಯನ್ನು ಬದಿಗಿಟ್ಟು ಸೋರಿಕೆ ಹುಡುಕಿ.

ಲೆಕ್ಕದ ಹಾಳೆಯಲ್ಲಿ ಇನ್ನೊಂದು ಕಾಲಂ ಕಡ್ಡಾಯವಾಗಿರಲಿ: ಇಂಗಾಲದ ಜಮಾಖರ್ಚು. ಹೊರಗೆ ಬಂದ ಇಂಗಾಲದ ಡೈಆಕ್ಸೈಡ್, ಮಾನಾಕ್ಸೈಡ್, ಮೀಥೇನ್ ಮೂರನ್ನೂ ಕೂಡಿದರೆ ಒಳಗೆ ಹೋದ ಇಂಗಾಲಕ್ಕೆ ಹೆಚ್ಚುಕಡಿಮೆ ಸಮನಾಗಬೇಕು. ಶೇ. 97ರಿಂದ 103ರ ನಡುವೆ ಇದ್ದರೆ ಮುಂದುವರಿಯಿರಿ. ಶೇ. 88 ಬಂದಿದ್ದರೆ ‘ಉಳಿದದ್ದು ಮಸಿಯಾಗಿ ಕೂತಿದೆ’ ಎಂದು ಹೇಳುವ ಆತುರ ಬೇಡ. ಅಷ್ಟು ಇಂಗಾಲ ನಿಜವಾಗಿ ಹಾಸಿನಲ್ಲಿ ಕೂತಿದ್ದರೆ ಕೆಲವೇ ಗಂಟೆಗಳಲ್ಲಿ ಕೊಳವೆ ಕಟ್ಟಿಕೊಳ್ಳಬೇಕಿತ್ತು.

ಹರಿವು

ಅನಿಲದ ಹರಿವನ್ನು ನಿಯಂತ್ರಿಸುವ ಮಾಸ್ ಫ್ಲೋ ಕಂಟ್ರೋಲರ್ ಪರದೆಯಲ್ಲಿ 20 ಎಂದಿದೆ ಎಂಬುದು ಸಾಕ್ಷಿಯಲ್ಲ. ಶಾಖವನ್ನು ಆಧರಿಸಿ ಅಳೆಯುವ ಈ ಉಪಕರಣಗಳಲ್ಲಿ ನೈಟ್ರೋಜನ್‌ಗೆ ಹೊಂದಿಸಿದ್ದನ್ನು ಇಂಗಾಲದ ಡೈಆಕ್ಸೈಡ್‌ಗೆ ಬಳಸಿದರೆ ನಿಜವಾಗಿ ಹರಿಯುವುದು ತೋರಿಸಿದ್ದರ ಸುಮಾರು 0.7 ಪಾಲು ಮಾತ್ರ. 20 ಎಂದುಕೊಂಡದ್ದು 14 ಆಗಿರುತ್ತದೆ. ಹೈಡ್ರೋಜನ್‌ನಲ್ಲಿ ಅಂಥ ವ್ಯತ್ಯಾಸವಿಲ್ಲ, ಆದ್ದರಿಂದ 4ಕ್ಕೆ 1 ಎಂದುಕೊಂಡ ಅನುಪಾತ 5.7ಕ್ಕೆ 1 ಆಗಿ, ಪರಿವರ್ತನೆ ಸೊಗಸಾಗಿ ಏರಿ ನಿಲ್ಲುತ್ತದೆ. ಈ ದೋಷ ಹೆಚ್ಚಾಗಿ ಬೆಳಕಿಗೆ ಬರುವುದು ಯಾರೋ ಕಂಟ್ರೋಲರ್ ಅನ್ನು ಸರಿಪಡಿಸಿದ ದಿನ. ಅಂದು ಪರಿವರ್ತನೆ ‘ಕುಸಿಯುತ್ತದೆ’, ಸರಿಪಡಿಸಿದವರು ಬೈಸಿಕೊಳ್ಳುತ್ತಾರೆ.

ತದ್ವಿರುದ್ಧ ದೋಷವೂ ಉಂಟು. ಹೈಡ್ರೋಜನ್ ಕಡಿಮೆಯಾಗಿ ಅನುಪಾತ 3ಕ್ಕೆ 1 ಆದರೆ ಮೀಥೇನ್ ಆಗಬಲ್ಲ ಇಂಗಾಲದ ಡೈಆಕ್ಸೈಡ್ ಹೆಚ್ಚೆಂದರೆ ಶೇ. 75. ಉಷ್ಣಾಂಶ ಬದಲಿಸಿದರೂ, ವೇಗವರ್ಧಕ ಹೆಚ್ಚು ಹಾಕಿದರೂ ಪರಿವರ್ತನೆ ಶೇ. 75ರ ಕೆಳಗೇ ಅಂಟಿಕೊಂಡು, ಹೊರಬರುವ ಅನಿಲದಲ್ಲಿ ಹೈಡ್ರೋಜನ್ ಹೆಚ್ಚುಕಡಿಮೆ ಮಾಯವಾಗಿದ್ದರೆ ದೋಷ ಹೈಡ್ರೋಜನ್ ಲೈನಿನಲ್ಲಿದೆ.

ಸೋಪಿನ ಗುಳ್ಳೆಯ ಮಾಪಕದಿಂದ ಹರಿವನ್ನು ತಾಳೆ ನೋಡುವುದು ಒಳ್ಳೆಯ ಅಭ್ಯಾಸ. ಆದರೆ ಬೆಂಗಳೂರಿನವರು ಒಂದು ತಿದ್ದುಪಡಿಯನ್ನು ಮರೆಯುವಂತಿಲ್ಲ. ನಗರ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಗಾಳಿಯ ಒತ್ತಡ ಸುಮಾರು 91 ಕಿಲೋಪಾಸ್ಕಲ್. ಕಂಟ್ರೋಲರ್ ಹೇಳುವ 100 ಮಿಲಿಲೀಟರ್ 0 ಡಿಗ್ರಿ ಮತ್ತು 101.3 ಕಿಲೋಪಾಸ್ಕಲ್‌ಗೆ ಇಳಿಸಿದ ಅಂಕಿ. ಅದೇ ಅನಿಲ 27 ಡಿಗ್ರಿಯ ಬೆಂಗಳೂರಿನ ಕೋಣೆಯಲ್ಲಿ 122 ಮಿಲಿಲೀಟರ್ ಜಾಗ ಹಿಡಿಯುತ್ತದೆ, ಸೋಪಿನ ನೀರಿನ ಆವಿ ಸೇರಿದರೆ 127. ಮಂಗಳೂರಿನಲ್ಲಿ ಇದೇ ಅಳತೆ 114ರ ಸುಮಾರಿಗೆ ಬರುತ್ತದೆ. ಎರಡೂ ಊರಿನ ಉಪಕರಣ ಸರಿಯಾಗಿಯೇ ಇದೆ. ‘ಸ್ಟ್ಯಾಂಡರ್ಡ್’ ಎಂದರೆ ಕೆಲವು ತಯಾರಕರಿಗೆ 0 ಡಿಗ್ರಿ, ಕೆಲವರಿಗೆ 20 ಅಥವಾ 25. ಕೈಪಿಡಿ ತೆಗೆದು ನೋಡಿಯೇ ಗುಣಿಸಿ.

ಸಿಲಿಂಡರ್ ವಿಷಯದಲ್ಲಿ ಒಂದೇ ಮಾತು. ಹೈಡ್ರೋಜನ್ ಸಿಲಿಂಡರಿನ ಒತ್ತಡ ಖರ್ಚಾದಂತೆ ಇಳಿಯುತ್ತಾ ಬರುತ್ತದೆ. ಇಂಗಾಲದ ಡೈಆಕ್ಸೈಡ್ ಸಿಲಿಂಡರಿನಲ್ಲಿ ದ್ರವವಿರುತ್ತದೆ. 25 ಡಿಗ್ರಿಯಲ್ಲಿ ಮಾಪಕ ಸುಮಾರು 64 ಬಾರ್ ತೋರಿಸುತ್ತಲೇ ಇದ್ದು, ದ್ರವ ಮುಗಿದ ಮೇಲೆ ಸರ್ರನೆ ಬೀಳುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಬೇಕಾದರೆ ತೂಗಬೇಕು, ಮುಳ್ಳು ನೋಡಿ ಪ್ರಯೋಜನವಿಲ್ಲ.

ಕ್ರೊಮ್ಯಾಟೊಗ್ರಾಫ್ ಮತ್ತು ಎರಡು ಅಗ್ಗದ ಸಾಕ್ಷಿಗಳು

ಕ್ರೊಮ್ಯಾಟೊಗ್ರಾಫ್‌ನಲ್ಲಿ ಅನಿಲವನ್ನು ಸುಟ್ಟು ಗುರುತಿಸುವ ಜ್ವಾಲೆಯ ಡಿಟೆಕ್ಟರ್ ಬಳಸುವವರಿಗೆ ಗೊತ್ತಿರುತ್ತದೆ: ಅದಕ್ಕೆ ಇಂಗಾಲದ ಆಕ್ಸೈಡುಗಳು ಕಾಣುವುದಿಲ್ಲ. ಆದ್ದರಿಂದ ಡಿಟೆಕ್ಟರಿನ ಮುಂದೆ ಮೀಥನೈಜರ್ ಎಂಬ ಪುಟ್ಟ ಕೊಳವೆ ಇರುತ್ತದೆ. ಅದರಲ್ಲಿರುವುದೂ ನಿಕ್ಕಲ್ಲೇ, ನಡೆಯುವುದೂ ಇದೇ ಕ್ರಿಯೆ. ರೋಗಿಗೆ ಬರುವ ಕಾಯಿಲೆ ವೈದ್ಯನಿಗೂ ಬರಬಹುದು ಎಂದಾಯಿತು. ನಿಕ್ಕಲ್‌ಗೆ ವಿಷವಾದ ಗಂಧಕ ಅಲ್ಲಿಗೂ ತಲುಪುತ್ತದೆ. ಮೀಥೇನ್ ಶಿಖರ ಸರಿಯಾಗಿದ್ದು, ಇಂಗಾಲದ ಡೈಆಕ್ಸೈಡ್ ಮತ್ತು ಮಾನಾಕ್ಸೈಡ್ ಶಿಖರಗಳು ಮಾತ್ರ ಕುಗ್ಗಿ ಬಾಲ ಎಳೆಯತೊಡಗಿದರೆ ಮೀಥನೈಜರ್ ಬದಲಿಸುವ ಸಮಯ ಬಂದಿದೆ. ಅನಿಲಗಳನ್ನು ಬೇರ್ಪಡಿಸುವ ಮಾಲಿಕ್ಯುಲರ್ ಸೀವ್ ಕಾಲಮ್ (ಸೂಕ್ಷ್ಮ ರಂಧ್ರಗಳ ಪುಡಿ ತುಂಬಿದ ಕೊಳವೆ) ಇದ್ದರೆ ಇನ್ನೊಂದು ತೊಂದರೆ: ಅದು ಇಂಗಾಲದ ಡೈಆಕ್ಸೈಡನ್ನೂ ನೀರನ್ನೂ ಹಿಡಿದಿಟ್ಟುಕೊಂಡು ಕ್ರಮೇಣ ತನ್ನ ಶಕ್ತಿ ಕಳೆದುಕೊಳ್ಳುತ್ತದೆ. ಆಮ್ಲಜನಕ, ನೈಟ್ರೋಜನ್ ಶಿಖರಗಳು ಒಂದರ ಮೇಲೊಂದು ಬೀಳತೊಡಗಿದರೆ ಕಾಲಮ್ಮನ್ನು ಮಾದರಿಯನ್ನು ಹೊತ್ತೊಯ್ಯುವ ಒಣ ಕ್ಯಾರಿಯರ್ ಅನಿಲದಲ್ಲಿ ಕಾಯಿಸಿ ಒಣಗಿಸಬೇಕು. ಹೀಲಿಯಂ ಕ್ಯಾರಿಯರ್‌ನಲ್ಲಿ ಹೈಡ್ರೋಜನ್ ಅಳೆಯುವ ಸಾಹಸ ಬೇಡ, ಆರ್ಗಾನ್ ಬಳಸಿ.

ಯಾವುದೇ ಅನುಮಾನಕ್ಕೆ ಮೊದಲ ಪರೀಕ್ಷೆ ಬೈಪಾಸ್. ಅನಿಲವನ್ನು ರಿಯಾಕ್ಟರ್ ತಪ್ಪಿಸಿ ನೇರವಾಗಿ ಕ್ರೊಮ್ಯಾಟೊಗ್ರಾಫ್‌ಗೆ ಕಳುಹಿಸಿ. ಕೊಟ್ಟ ಅನುಪಾತ ಹಾಗೆಯೇ ಹಿಂದಿರುಗಬೇಕು. ಹಿಂದಿರುಗದಿದ್ದರೆ ರಿಯಾಕ್ಟರ್ ಮುಟ್ಟಬೇಡಿ.

ಬೈಪಾಸ್ ಸರಿಯಿದ್ದೂ ಮನಸ್ಸು ಒಪ್ಪದಿದ್ದರೆ ಕ್ರೊಮ್ಯಾಟೊಗ್ರಾಫ್ ಕೇಳದೆಯೇ ಸತ್ಯ ಹೇಳುವ ಎರಡು ಸಾಕ್ಷಿಗಳಿವೆ. ಮೊದಲನೆಯದು ನೀರು. ಮೇಲಿನ ಉದಾಹರಣೆಯಲ್ಲಿ ನಿಮಿಷಕ್ಕೆ 20 ಮಿಲಿಲೀಟರ್ ಇಂಗಾಲದ ಡೈಆಕ್ಸೈಡ್ ಶೇ. 80ರಷ್ಟು ಮೀಥೇನ್ ಆದರೆ ಮಂಜುಗಡ್ಡೆಯಲ್ಲಿಟ್ಟ ಟ್ರ್ಯಾಪ್‌ನಲ್ಲಿ ಗಂಟೆಗೆ ಸುಮಾರು 1.5 ಗ್ರಾಂ ನೀರು ಸೇರಬೇಕು. ಶೇ. 60 ಆದರೆ 1.16 ಗ್ರಾಂ. ಟ್ರ್ಯಾಪ್ ಅನ್ನು ಬಿಚ್ಚಿ, ಹೊರಮೈ ಒರೆಸಿ, ತೂಗಿ, ಮೂರು ಗಂಟೆ ಬಿಟ್ಟು ಮತ್ತೆ ತೂಗಿ. ಮಿಲಿಗ್ರಾಂ ತೂಗುವ ತಕ್ಕಡಿಗೆ ಈ ವ್ಯತ್ಯಾಸ ಏನೇನೂ ಅಲ್ಲ. ರಿಯಾಕ್ಟರಿನಿಂದ ಟ್ರ್ಯಾಪ್‌ವರೆಗಿನ ಕೊಳವೆಯನ್ನು 120 ಡಿಗ್ರಿಗಿಂತ ಮೇಲಿಟ್ಟಿರಬೇಕು ಅಷ್ಟೆ. ಇಲ್ಲದಿದ್ದರೆ ನೀರು ದಾರಿಯಲ್ಲೇ ಕೂತು, ಆಗಾಗ ಗುಳುಂ ಎಂದು ಇಳಿದು, ಹರಿವನ್ನೂ ತೂಕವನ್ನೂ ಕೆಡಿಸುತ್ತದೆ.

ಎರಡನೆಯ ಸಾಕ್ಷಿ ಶಾಖ. ಫರ್ನೇಸ್ ಅನ್ನು ಒಂದೇ ಮಟ್ಟದಲ್ಲಿಟ್ಟು ನೈಟ್ರೋಜನ್ ಹರಿಸಿದಾಗ ಹಾಸಿನ ಥರ್ಮೊಕಪಲ್ ಎಷ್ಟು ತೋರಿಸುತ್ತದೆ ಎಂದು ಬರೆದಿಟ್ಟುಕೊಳ್ಳಿ. ಆಮೇಲೆ ಮಿಶ್ರಣ ಬಿಡಿ. ಕ್ರಿಯೆ ನಡೆಯುತ್ತಿದ್ದರೆ ಬಿಸಿ ಏಳಲೇಬೇಕು. ಹಿಂದೆ 18 ಡಿಗ್ರಿ ಏಳುತ್ತಿದ್ದ ಹಾಸು ಇಂದೂ ಅಷ್ಟೇ ಏಳುತ್ತಿದ್ದು, ಕ್ರೊಮ್ಯಾಟೊಗ್ರಾಫ್ ಮಾತ್ರ ಕುಸಿತ ಎನ್ನುತ್ತಿದ್ದರೆ ನಾನು ಹಾಸನ್ನು ನಂಬುತ್ತೇನೆ. ಏಳಿಕೆ ಪೂರ್ತಿ ಮಾಯವಾಗಿದ್ದರೂ ನೀರು ಮಾತ್ರ ಎಂದಿನಂತೆ ಸೇರುತ್ತಿದ್ದರೆ ಥರ್ಮೊಕಪಲ್ ತುದಿ ಹಾಸಿನಿಂದ ಹೊರಗೆ, ಕ್ವಾರ್ಟ್ಜ್ ಉಣ್ಣೆಯಲ್ಲಿ ಕೂತಿದೆ. ಕೊಳವೆ ಮತ್ತೆ ತುಂಬಿದ ಮರುದಿನ ಕಾಣಿಸಿಕೊಳ್ಳುವ ಬಹುಪಾಲು ದೋಷಗಳು ಈ ಒಂದೆರಡು ಸೆಂಟಿಮೀಟರಿನವು.

ಸಮತೋಲನದ ಮುಸುಕು

ಅಳತೆಗಳೆಲ್ಲ ಸರಿ ಎಂದಾದ ಮೇಲೆ ಕೇಳಬೇಕಾದ ಪ್ರಶ್ನೆ: ಈ ಉಷ್ಣಾಂಶದಲ್ಲಿ ಹೆಚ್ಚೆಂದರೆ ಎಷ್ಟು ಬರಬಹುದಿತ್ತು? ವಾತಾವರಣದ ಒತ್ತಡದಲ್ಲಿ, 4ಕ್ಕೆ 1 ಮಿಶ್ರಣಕ್ಕೆ, ಸಮತೋಲನ (ಮುಮ್ಮುಖ, ಹಿಮ್ಮುಖ ಕ್ರಿಯೆಗಳು ಸಮನಾಗುವ ಸ್ಥಿತಿ) ಬಿಡುವುದು 300 ಡಿಗ್ರಿಯಲ್ಲಿ ಸುಮಾರು ಶೇ. 95, 400ರಲ್ಲಿ ಶೇ. 85ರ ಆಸುಪಾಸು, 500ರಲ್ಲಿ ಶೇ. 70ರ ಆಸುಪಾಸು. ಪರಿವರ್ತನೆ ಕಡಿಮೆಯಾಯಿತೆಂದು ಫರ್ನೇಸ್ ಏರಿಸಿ, ಇನ್ನೂ ಕಡಿಮೆಯಾಯಿತೆಂದು ಮತ್ತಷ್ಟು ಏರಿಸುವವರು ಈ ಮಿತಿಯ ವಿರುದ್ಧ ಗುದ್ದಾಡುತ್ತಿರುತ್ತಾರೆ.

ಇದಕ್ಕಿಂತ ಮೋಸದ ಸಂಗತಿ ಇನ್ನೊಂದು. ಹಾಸಿನಲ್ಲಿ ಅಗತ್ಯಕ್ಕಿಂತ ಮೂರು ಪಟ್ಟು ವೇಗವರ್ಧಕವಿದ್ದರೆ ಮೊದಲ ಮೂರನೇ ಒಂದು ಭಾಗದಲ್ಲೇ ಅನಿಲ ಸಮತೋಲನ ಮುಟ್ಟಿಬಿಡುತ್ತದೆ. ಉಳಿದದ್ದು ಸುಮ್ಮನೆ ಕೂತಿರುತ್ತದೆ. ಒಳಬಾಗಿಲಿನ ಕಡೆಯ ಭಾಗ ಸತ್ತರೆ ಅದರ ನಂತರದ್ದು ಕೆಲಸ ಹಿಡಿಯುತ್ತದೆ, ಹೊರಗಿನ ಅಂಕಿ ಕದಲುವುದಿಲ್ಲ. ದಿನಗಟ್ಟಲೆ ನೇರ ಗೆರೆ ಎಳೆದು ‘ಅತ್ಯಂತ ಸ್ಥಿರ’ ಎಂದು ಬರೆದ ಫಲಿತಾಂಶಗಳಲ್ಲಿ ಎಷ್ಟೋ ಇಂಥವು ಎಂದು ನನ್ನ ಗುಮಾನಿ. ಕಟ್ಟಕಡೆಯ ಪದರವೂ ಸೋತ ದಿನ ಗೆರೆ ಧಡಾರನೆ ಬೀಳುತ್ತದೆ, ಎಲ್ಲರೂ ಆ ದಿನ ಏನಾಯಿತು ಎಂದು ಹುಡುಕುತ್ತಾರೆ. ನಿಜವಾದ ಕೇಡು ಮೊದಲ ದಿನದಿಂದಲೇ ನಡೆಯುತ್ತಿತ್ತು. ಸ್ಥಿರತೆಯನ್ನು ಅಳೆಯುವುದಾದರೆ ವೇಗವರ್ಧಕ ಕಡಿಮೆ ಮಾಡಿ ಅಥವಾ ಹರಿವು ಹೆಚ್ಚಿಸಿ, ಪರಿವರ್ತನೆ ಸಮತೋಲನದ ಅರ್ಧಕ್ಕೂ ಕೆಳಗಿರುವಂತೆ ನೋಡಿಕೊಳ್ಳಿ. ಹಾಸನ್ನು ಕ್ವಾರ್ಟ್ಜ್ ಅಥವಾ ಸಿಲಿಕಾನ್ ಕಾರ್ಬೈಡ್ ಪುಡಿಯಲ್ಲಿ ಬೆರೆಸಿದರೆ ಬಿಸಿಯೂ ಹಂಚಿಹೋಗುತ್ತದೆ.

ಕುಸಿತದ ಬಗೆ ನೋಡಿ

ಈಗ ವೇಗವರ್ಧಕದ ಸರದಿ. ಮೊದಲ ಗಂಟೆಯಿಂದಲೇ ಸಪ್ಪೆಯಾಗಿದ್ದರೆ ಅದು ಸತ್ತದ್ದಲ್ಲ, ಹುಟ್ಟಿಯೇ ಇಲ್ಲ. ಬಿಡಿಯಾಗಿ ಕೂತ ನಿಕ್ಕಲ್ ಆಕ್ಸೈಡ್ 300ರಿಂದ 400 ಡಿಗ್ರಿಯಲ್ಲಿ ಲೋಹವಾಗುತ್ತದೆ. ಅಲ್ಯುಮಿನಾ ಜೊತೆ ಗಟ್ಟಿಯಾಗಿ ಬೆಸೆದದ್ದಕ್ಕೆ 500ರಿಂದ 700 ಬೇಕು. ಸುಡುವಾಗ ಬಿಸಿ ಹೆಚ್ಚಾಗಿ ನಿಕ್ಕಲ್ ಅಲ್ಯುಮಿನೇಟ್ ಆಗಿಬಿಟ್ಟಿದ್ದರೆ ಅದಕ್ಕಿಂತಲೂ ಮೇಲೆ. ಹೈಡ್ರೋಜನ್‌ನಲ್ಲಿ ಉಷ್ಣಾಂಶ ಏರಿಸುತ್ತಾ ಅಪಕರ್ಷಣ ಎಲ್ಲಿ ನಡೆಯುತ್ತದೆಂದು ಒಮ್ಮೆ ಅಳೆದು, ಅದಕ್ಕೆ ತಕ್ಕಂತೆ ಸಿದ್ಧಪಡಿಸಿ. ನಿಕ್ಕಲ್ ಬದಲು ಬಳಸುವ ರುಥೇನಿಯಮ್ ಕಡಿಮೆ ಉಷ್ಣಾಂಶದಲ್ಲೇ ಸಿದ್ಧವಾಗುತ್ತದೆ. ಆದರೆ ಕ್ಲೋರೈಡ್ ಲವಣದಿಂದ ಮಾಡಿದ್ದಾದರೆ ಉಳಿದ ಕ್ಲೋರಿನ್ ಅದರ ಕೆಲಸಕ್ಕೆ ಅಡ್ಡಿ, ತೊಳೆದು ತೆಗೆಯಬೇಕು.

ನಿಧಾನವಾಗಿ, ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಹಾಸಿನ ಉದ್ದಕ್ಕೂ ಜಾರಿಸಬಲ್ಲ ಥರ್ಮೊಕಪಲ್ ಇಟ್ಟು ಅತಿ ಬಿಸಿಯಾದ ಜಾಗವನ್ನು ಗುರುತಿಸಿ. ಆ ಜಾಗ ತನ್ನ ಬಿಸಿ ಕಳೆದುಕೊಳ್ಳದೆ ಹೊರಬಾಗಿಲಿನ ಕಡೆಗೆ ಸರಿಯುತ್ತಿದ್ದರೆ ಒಳಬಾಗಿಲಿನ ಪದರ ಸಾಯುತ್ತಿದೆ. ಕೊಂದದ್ದು ಗಂಧಕವೋ, ಆ ಜಾಗದ ಅತಿ ಬಿಸಿಯೋ ಎಂಬುದು ಮುಂದಿನ ಪ್ರಶ್ನೆ. ಗಂಧಕವಾದರೆ ಮೂಲ ಹುಡುಕಿ. ಬಯೋಗ್ಯಾಸ್‌ನಿಂದ ಬೇರ್ಪಡಿಸಿದ ಅನಿಲವಾದರೆ ಉತ್ತರ ಕಣ್ಣೆದುರೇ ಇದೆ; ನಮ್ಮ ಸಕ್ಕರೆ ಸೀಮೆಯ ಡಿಸ್ಟಿಲರಿಗಳ ತ್ಯಾಜ್ಯ ದ್ರವವಾದ ಸ್ಪೆಂಟ್‌ವಾಶ್‌ನಿಂದ ಬರುವ ಬಯೋಗ್ಯಾಸ್‌ನಲ್ಲಿ ಹೈಡ್ರೋಜನ್ ಸಲ್ಫೈಡ್ ಶೇ. 1 ಮೀರುವುದೂ ಉಂಟು, ನಿಕ್ಕಲ್‌ಗೆ ಅದು ಅನಿಲದ ಹತ್ತು ಲಕ್ಷದಲ್ಲಿ ಒಂದು ಪಾಲಿದ್ದರೂ ಹೆಚ್ಚೇ. ಗಂಧಕ ಹೀರುವ ಸತು ಆಕ್ಸೈಡಿನ ಕಾವಲು ಹಾಸು ಇಲ್ಲದೆ ಅಂಥ ಅನಿಲವನ್ನು ಹತ್ತಿರ ಸೇರಿಸಬೇಡಿ. ಸಿಲಿಂಡರ್ ಅನಿಲವಾದರೆ ಯಾರೋ ಇತ್ತೀಚೆಗೆ ಜೋಡಿಸಿದ ರಬ್ಬರ್ ಕೊಳವೆ ನೋಡಿ; ವಲ್ಕನೈಸ್ ಮಾಡಿದ ರಬ್ಬರಿನಲ್ಲಿ ಗಂಧಕವಿದೆ.

ಇಂಗಾಲದ ಮಾನಾಕ್ಸೈಡ್ ಒಳ್ಳೆಯ ಚಾಡಿಕೋರ. 300 ಡಿಗ್ರಿಯಲ್ಲಿ ಸಮತೋಲನದ ಪ್ರಕಾರ ಅದು ಇಲ್ಲವೆನ್ನುವಷ್ಟು ಕಡಿಮೆ. ಆದರೂ ಹೊರಗಿನ ಅನಿಲದಲ್ಲಿ ದಿನೇದಿನೇ ಏರುತ್ತಿದ್ದರೆ ಅರ್ಧದಾರಿಯಲ್ಲಿರುವ ಅಣುಗಳನ್ನು ಮೀಥೇನ್‌ವರೆಗೆ ಮುಟ್ಟಿಸಲು ಜಾಗ ಸಾಲುತ್ತಿಲ್ಲ ಎಂದರ್ಥ. ನೀರನ್ನು ವಿದ್ಯುತ್ತಿನಿಂದ ಒಡೆಯುವ ಕ್ಷಾರೀಯ ಎಲೆಕ್ಟ್ರೊಲೈಸರ್‌ನಿಂದ ಬರುವ ಹೈಡ್ರೋಜನ್ ಜೊತೆ ಪೊಟ್ಯಾಷಿಯಂ ಹೈಡ್ರಾಕ್ಸೈಡಿನ ಹನಿಗಳು ಬಂದಿದ್ದರೂ ಇದೇ ಲಕ್ಷಣ ಕಾಣಬಹುದು.

ಒಮ್ಮೆಗೇ ಬಿದ್ದರೆ ಯಾಂತ್ರಿಕ ಕಾರಣ ನೋಡಿ. ಹಾಸು ಕುಸಿದು ಗೋಡೆಯ ಪಕ್ಕ ಸಂದಿ ಬಿದ್ದಿರಬಹುದು. ಒತ್ತಡದ ಇಳಿತ ಕಡಿಮೆಯಾಗಿರುತ್ತದೆ. ಒತ್ತಡ ಏರಿದ್ದರೆ ಪುಡಿ ಅಥವಾ ಮಸಿ ಕಟ್ಟಿಕೊಂಡಿದೆ. ಕರೆಂಟ್ ಹೋಗಿ ಬಂದ ಮರುದಿನ ಬಿದ್ದಿದ್ದರೆ ಕೊಳವೆಯೊಳಗೆ ನೀರು ಸಾಂದ್ರಗೊಂಡು ಹಾಸು ನೆನೆದಿದೆ.

ಬಿಚ್ಚುವಾಗ

ಇಲ್ಲಿ ಅವಸರ ಪ್ರಾಣಕ್ಕೆ ಸಂಚಕಾರ. ಇಂಗಾಲದ ಮಾನಾಕ್ಸೈಡ್ ಇರುವ ಅನಿಲದಲ್ಲಿ ನಿಕ್ಕಲ್ ಅನ್ನು ಸುಮಾರು 200 ಡಿಗ್ರಿಗಿಂತ ಕೆಳಕ್ಕೆ ತಣಿಸಿದರೆ ನಿಕ್ಕಲ್ ಕಾರ್ಬೊನಿಲ್ ಹುಟ್ಟಬಹುದು. 43 ಡಿಗ್ರಿಯಲ್ಲಿ ಕುದಿಯುವ, ಅತ್ಯಂತ ವಿಷಕಾರಿಯಾದ ದ್ರವ ಅದು. ಲುಡ್ವಿಗ್ ಮಾಂಡ್ ಮತ್ತು ಸಂಗಡಿಗರು 1890ರಲ್ಲಿ ಪ್ರಕಟಿಸಿದ ಈ ಸಂಯುಕ್ತವೇ ಸಬಾಟಿಯೇ ಅವರನ್ನು ನಿಕ್ಕಲ್ ಕಡೆಗೆ ಸೆಳೆದದ್ದು ಎಂಬುದು ಬೇರೆ ಮಾತು. ಬಿಸಿಯಿರುವಾಗಲೇ ನೈಟ್ರೋಜನ್ ಹರಿಸಿ ಮಾನಾಕ್ಸೈಡನ್ನು ಪೂರ್ತಿ ಹೊರಹಾಕಿ, ಆಮೇಲೆ ತಣಿಸಿ. ಕರೆಂಟ್ ಹೋದಾಗ ತಾನಾಗಿ ತೆರೆದುಕೊಳ್ಳುವ ನೈಟ್ರೋಜನ್ ವಾಲ್ವ್ ಇಲ್ಲದ ರಿಗ್ ಅನ್ನು ರಾತ್ರಿ ಒಂಟಿಯಾಗಿ ಬಿಟ್ಟುಹೋಗಬೇಡಿ. ತಣಿದ ಮೇಲೆ ನೈಟ್ರೋಜನ್‌ನಲ್ಲಿ ಶೇ. 1ರಷ್ಟು ಆಮ್ಲಜನಕ ಬೆರೆಸಿ ಮೆಲ್ಲಗೆ ಹರಿಸಿ ಮೇಲ್ಮೈಯನ್ನು ಮಂಕಾಗಿಸಿ. ಇಲ್ಲದಿದ್ದರೆ ಗಾಳಿ ತಾಗಿದೊಡನೆ ಪುಡಿ ತಾನಾಗಿ ಕೆಂಡವಾಗಬಹುದು.

ಪುಡಿಯನ್ನು ಒಂದೇ ತಟ್ಟೆಗೆ ಸುರಿದರೆ ಸಾಕ್ಷ್ಯ ನಾಶವಾದಂತೆ. ಒಳಬಾಗಿಲಿನ ಪದರ, ನಡುವಿನದು, ಹೊರಬಾಗಿಲಿನದು, ಮೂರನ್ನೂ ಬೇರೆ ಬೇರೆ ಸೀಸೆಗೆ ತೆಗೆಯಿರಿ. ಒಳಪದರದಲ್ಲಿ ಮಾತ್ರ ಗಂಧಕ ಸಿಕ್ಕಿದರೆ ಪ್ರಕರಣ ಮುಗಿಯಿತು. ಕಣಗಳು ಕೂಡಿ ದಪ್ಪವಾಗಿವೆಯೇ ಎಂದು ಎಕ್ಸ್-ರೇ ವಿವರ್ತನೆಯಲ್ಲಿ ನೋಡುವವರು ನಿಕ್ಕಲ್‌ನ 44.5 ಡಿಗ್ರಿಯ ಶಿಖರದ ಅಗಲವನ್ನೇ ಅಳೆಯುತ್ತಾರೆ; ಶಿಖರ ಅಗಲವಾದಷ್ಟೂ ಕಣ ಚಿಕ್ಕದು. ಅದರ ಪಕ್ಕದಲ್ಲೇ, 45.8ರ ಬಳಿ, ಅಲ್ಯುಮಿನಾದ ದಿಬ್ಬವಿದೆ. ಎರಡೂ ಸೇರಿ ಅಗಲ ಹೆಚ್ಚಾಗಿ, ಕಣ ಇದ್ದುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ತಾಮ್ರದ ವಿಕಿರಣದಲ್ಲಿ 51.8 ಡಿಗ್ರಿಯ ಶಿಖರ ಹೆಚ್ಚು ನಂಬಿಕಸ್ತ.

ಮಸಿ ಅಳೆಯಲು ಗಾಳಿಯಲ್ಲಿ ಕಾಯಿಸಿ ತೂಕದ ಇಳಿತ ನೋಡುವುದು ರೂಢಿ. ಅದರ ಜೊತೆಗೇ ನಿಕ್ಕಲ್ ಆಮ್ಲಜನಕ ಹೀರಿ ತೂಕ ಏರಿಸಿಕೊಳ್ಳುತ್ತದೆ ಎಂಬುದು ನೆನಪಿರಲಿ. ಶೇ. 20 ನಿಕ್ಕಲ್ ಲೋಹರೂಪದಲ್ಲಿದ್ದರೆ ಏರಿಕೆ ಶೇ. 5.5ರಷ್ಟಾಗುತ್ತದೆ. ಶೇ. 5 ಮಸಿ ಇದ್ದ ಮಾದರಿ ಹೆಚ್ಚುಕಡಿಮೆ ಅಲುಗಾಡದ ಗೆರೆ ಕೊಟ್ಟು ‘ಮಸಿ ಇಲ್ಲ’ ಎಂದು ನಂಬಿಸಬಲ್ಲದು. ಹೊರಬರುವ ಇಂಗಾಲದ ಡೈಆಕ್ಸೈಡನ್ನೇ ಅಳೆಯುವುದು ವಾಸಿ.

ಮಸಿಯಾದರೆ ಕಡಿಮೆ ಆಮ್ಲಜನಕದಲ್ಲಿ ಮೆಲ್ಲಗೆ ಸುಟ್ಟು, ಮತ್ತೆ ಅಪಕರ್ಷಣ ಮಾಡಿ ಬಳಸಬಹುದು. ಹೈಡ್ರೋಜನ್ ಅನುಪಾತ 4ಕ್ಕಿಂತ ಕೆಳಗಿಳಿದಿತ್ತೇ ಎಂದು ಹರಿವಿನ ದಾಖಲೆಯನ್ನೂ ತೆಗೆದು ನೋಡಿ. ಕಣ ದಪ್ಪವಾಗಿದ್ದರೆ ಹಾಸನ್ನು ಇನ್ನಷ್ಟು ತೆಳುವಾಗಿ ಬೆರೆಸಿ ಹೊಸದಾಗಿ ತುಂಬುವುದೇ ದಾರಿ. ಗಂಧಕ ಹಿಡಿದ ನಿಕ್ಕಲ್ ಅನ್ನು ಹೈಡ್ರೋಜನ್‌ನಲ್ಲಿ ಎಷ್ಟು ಕಾಯಿಸಿದರೂ ಈ ಉಷ್ಣಾಂಶಗಳಲ್ಲಿ ಅದು ಬಿಡುವುದಿಲ್ಲ. ಆ ಪದರವನ್ನು ಕೆಳಗಿನ ಒಳ್ಳೆಯದರೊಂದಿಗೆ ಬೆರೆಸಿ ಮರುಬಳಕೆ ಮಾಡುವ ಉಳಿತಾಯ ಬೇಡ. ನಿಕ್ಕಲ್ ಸಂಯುಕ್ತಗಳ ದೂಳು ಕ್ಯಾನ್ಸರ್‌ಕಾರಕ. ಮುಖವಾಡ ಹಾಕಿಕೊಂಡೇ ಸೀಸೆಗೆ ತುಂಬಿ, ಚೀಟಿ ಅಂಟಿಸಿ, ಅಪಾಯಕಾರಿ ತ್ಯಾಜ್ಯದ ಡಬ್ಬಿಗೆ ಸೇರಿಸಿ.